ಸಂಘದ ಕಂಪ್ಯೂಟರಿಗೆ ಹೊಸ ವಿಂಡೋಸ್: ಅಸಡ್ಡೆಯೂ ಬೇಡ, ಅವಸರವೂ ಬೇಡ



ಅಡಿಕೆಯ ಧಾರಣೆ, ಕಾಫಿಯ ಕೊಯಿಲು, ಕೊಳೆರೋಗ, ಕೂಲಿಯಾಳುಗಳ ಅಭಾವ ಇವುಗಳ ಬಗ್ಗೆ ಬರೆಯಬೇಕಾದ ಪುಟದಲ್ಲಿ ಕಂಪ್ಯೂಟರಿನ ಮಾತು ಯಾಕೆ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ತಾವು ತಂದ ಅಡಿಕೆಯ ತೂಕ, ತಮ್ಮ ಠೇವಣಿಯ ಬಡ್ಡಿ, ಸಾಲದ ಬಾಕಿ, ಪಾಲು ಬಂಡವಾಳ ಎಲ್ಲವೂ ಇಂದು ಇರುವುದು ಕಚೇರಿಯ ಮೇಜಿನ ಮೇಲಿರುವ ಆ ಪೆಟ್ಟಿಗೆಯೊಳಗೆ. ಹಿಂದೆ ಲೆಡ್ಜರಿಗೆ ಗೆದ್ದಲು ಹಿಡಿದರೆ ಕಾರ್ಯದರ್ಶಿಯನ್ನು ಕೇಳುವ ಹಕ್ಕು ಸದಸ್ಯನಿಗೆ ಇತ್ತು. ಕಂಪ್ಯೂಟರಿನ ವಿಷಯದಲ್ಲಿಯೂ ಆ ಹಕ್ಕು ಇದೆ. ಆದರೆ ಮಹಾಸಭೆಯಲ್ಲಿ ಅದನ್ನು ಕೇಳುವವರು ಬಹಳ ಕಡಿಮೆ.

ವಿಷಯ ಇಷ್ಟು. ನಮ್ಮ ಸಂಘಗಳ ಹೆಚ್ಚಿನ ಕಂಪ್ಯೂಟರುಗಳನ್ನು ನಡೆಸಿಕೊಂಡು ಬಂದ ವಿಂಡೋಸ್ 10 ಎಂಬ ಕಾರ್ಯಾಚರಣಾ ವ್ಯವಸ್ಥೆ ಹೊರಬಂದದ್ದು 2015ರ ಜುಲೈ 29ರಂದು. ಹತ್ತು ವರ್ಷ ಕಳೆದು 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿ ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮರುದಿನ ಬೆಳಿಗ್ಗೆ ಯಂತ್ರ ಎಂದಿನಂತೆಯೇ ಎದ್ದು ಕೆಲಸ ಮಾಡಿತು. ಆದುದರಿಂದ ಏನೂ ಆಗಲಿಲ್ಲ ಎಂದು ಅನೇಕರು ಭಾವಿಸಿದರು. ಮೇಲೆ ಏನೂ ಕಾಣದೆ ಇರುವುದೇ ಇಲ್ಲಿರುವ ಅಪಾಯ.

ಬೆಳೆಗಾರರಾದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಮಳೆಗಾಲಕ್ಕೆ ಮುಂಚೆಯೇ ಮದ್ದು ಬಿಡುತ್ತೇವೆ. ಕಾಯಿ ಉದುರಲು ಸುರುವಾದ ಮೇಲೆ ಬಿಟ್ಟರೆ ಉದುರಿದ ಕಾಯಿ ಮರ ಹತ್ತುವುದಿಲ್ಲ. ಕಂಪೆನಿಯಿಂದ ತಿಂಗಳು ತಿಂಗಳು ಬರುತ್ತಿದ್ದ ಸುರಕ್ಷಾ ಪರಿಷ್ಕರಣೆಗಳು ಇಂತಹ ಮದ್ದೇ. 2017ರ ಮೇ 12ರಂದು 'ವಾನಾಕ್ರೈ' ಎಂಬ ಪಿಡುಗು ಹಬ್ಬಿ 150ಕ್ಕೂ ಹೆಚ್ಚು ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು; ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳ ಕೆಲಸವೇ ಅಸ್ತವ್ಯಸ್ತವಾಯಿತು. ಅದನ್ನು ತಡೆಯುವ ಪರಿಷ್ಕರಣೆ ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ಬಂದಿತ್ತು. ಹಾಕಿಕೊಂಡವರು ಉಳಿದರು, ಉದಾಸೀನ ಮಾಡಿದವರು ಸಿಕ್ಕಿಬಿದ್ದರು.

'ನಮ್ಮದು ಸಣ್ಣ ಸಂಘ, ನಮ್ಮನ್ನು ಯಾರು ಕೇಳುತ್ತಾರೆ' ಎಂಬ ಮಾತೂ ಸಲ್ಲದು. 2024ರ ಜುಲೈ ಕೊನೆಯಲ್ಲಿ ನಮ್ಮ ದೇಶದ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಒಂದು ಕಂಪೆನಿಯ ಮೇಲೆ ಇಂತಹುದೇ ದಾಳಿ ನಡೆಯಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಹಣ ಪಾವತಿ ಸೇವೆಗಳು ತಾತ್ಕಾಲಿಕವಾಗಿ ಇಲ್ಲವಾದವು. ಕಳ್ಳನಿಗೆ ದೊಡ್ಡ ಮನೆ, ಸಣ್ಣ ಮನೆ ಎಂಬ ಭೇದವಿಲ್ಲ; ತೆರೆದ ಬಾಗಿಲು ಸಾಕು.

ಹಾಗಾದರೆ ಇದ್ದ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ ಹೊಸದನ್ನು ತರಬೇಕೇ? ಮಾರಾಟಗಾರರು ಹಾಗೆಯೇ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮೊದಲು ಯಂತ್ರಗಳನ್ನು ಮೂರು ವರ್ಗವಾಗಿ ವಿಂಗಡಿಸಬೇಕು. ವಿಂಡೋಸ್ 11ಕ್ಕೆ ಬೇಕಾದ ಕನಿಷ್ಠ ಅರ್ಹತೆ 4 ಜಿಬಿ ಮೆಮರಿ, 64 ಜಿಬಿ ಸ್ಥಳ, ಟಿಪಿಎಂ 2.0 ಎಂಬ ಭದ್ರತಾ ಭಾಗ, ಸೆಕ್ಯೂರ್ ಬೂಟ್ ಸೌಕರ್ಯ ಮತ್ತು ಕಂಪೆನಿಯ ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅನಂತರದ್ದು. ಇವೆಲ್ಲ ಇರುವುದು ಮೊದಲ ವರ್ಗ. ಎಲ್ಲವೂ ಇದ್ದು ಟಿಪಿಎಂ ಮಾತ್ರ ಬಯೋಸಿನಲ್ಲಿ ಮುಚ್ಚಿರುವುದು ಎರಡನೆಯ ವರ್ಗ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಯಂತ್ರಗಳಲ್ಲಿ ಇದು ಸಾಮಾನ್ಯ. ಇಂತಹ ಯಂತ್ರವನ್ನು ಪರೀಕ್ಷಿಸಿದಾಗ 'ಅರ್ಹವಲ್ಲ' ಎಂಬ ಉತ್ತರ ಬರುತ್ತದೆ. ಅದನ್ನು ನಂಬಿ ಒಳ್ಳೆಯ ಯಂತ್ರವನ್ನು ಮಾರಬಾರದು. ಬಯೋಸಿನಲ್ಲಿ ಇಂಟೆಲ್ ಪಿಟಿಟಿ ಅಥವಾ ಎಎಂಡಿ ಎಫ್‌ಟಿಪಿಎಂ ಎಂಬುದನ್ನು ತೆರೆದರೆ ಆಯಿತು. ಮೂರನೆಯ ವರ್ಗ ನಿಜವಾಗಿಯೂ ಹಳತಾದದ್ದು.

ಎರಡನೆಯ ವರ್ಗದವರಿಗೆ ಎರಡು ಎಚ್ಚರಿಕೆ. ಯಂತ್ರದಲ್ಲಿ ಬಿಟ್‌ಲಾಕರ್ ಎಂಬ ಬೀಗ ಇದ್ದರೆ, ಬಯೋಸ್ ಬದಲಿಸಿದ ಮೇಲೆ ಅದು 48 ಅಂಕೆಗಳ ಮರುಪಡೆವ ಸಂಖ್ಯೆಯನ್ನು ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಲೆಕ್ಕಪತ್ರ ಒಳಗೇ ಉಳಿಯುತ್ತದೆ; ಬೀಗದ ಕೈ ಕಳೆದ ತಿಜೋರಿಯ ಸ್ಥಿತಿ. ಆದುದರಿಂದ ಮೊದಲೇ ಆ ಸಂಖ್ಯೆಯನ್ನು ಬರೆದಿಡಬೇಕು. ಇನ್ನೊಂದು, ಡಿಸ್ಕು ಹಳೆಯ ಎಂಬಿಆರ್ ಪದ್ಧತಿಯಲ್ಲಿದ್ದರೆ ಅದನ್ನು ಜಿಪಿಟಿಗೆ ಪರಿವರ್ತಿಸಿದ ಮೇಲೆಯೇ ಬಯೋಸನ್ನು ಯುಇಎಫ್‌ಐಗೆ ತಿರುಗಿಸಬೇಕು. ಕ್ರಮ ತಪ್ಪಿದರೆ ಯಂತ್ರ ಏಳುವುದಿಲ್ಲ.

ಇನ್ನು ಅಪ್‌ಗ್ರೇಡಿನ ಕ್ರಮ. ಮಾರ್ಚ್ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ, ಬೆಳೆ ವಿಮೆಯ ಕಂತು ಕಟ್ಟುವ ಗಡುವಿನ ವಾರದಲ್ಲಿ, ಲೆಕ್ಕಪರಿಶೋಧಕರು ಬಂದು ಕುಳಿತಿರುವಾಗ ಈ ಕೆಲಸಕ್ಕೆ ಕೈಹಾಕಬಾರದು. ಮೊದಲು ಬ್ಯಾಕಪ್ ತೆಗೆಯಬೇಕು. ಒಂದಲ್ಲ, ಎರಡು ಪ್ರತಿ. ಒಂದು ಕಚೇರಿಯ ಕಪಾಟಿನಲ್ಲಿ, ಇನ್ನೊಂದು ಕಚೇರಿಯ ಹೊರಗೆ ಸುರಕ್ಷಿತ ಸ್ಥಳದಲ್ಲಿ. ಪ್ರತಿ ತೆಗೆದರೆ ಸಾಲದು, ಬೇರೊಂದು ಯಂತ್ರದಲ್ಲಿ ಅದನ್ನು ತೆರೆದು ಒಬ್ಬ ಸದಸ್ಯರ ಖಾತೆಯಾದರೂ ಸರಿಯಾಗಿ ಬರುತ್ತದೆಯೇ ಎಂದು ನೋಡಬೇಕು. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಪರೀಕ್ಷಿಸಬೇಕು. ಮಾಳ, ಬಜಗೋಳಿ ಕಡೆ ಮೇ ತಿಂಗಳ ಗುಡುಗು ಮಿಂಚಿಗೆ ಕರೆಂಟು ಹೋಗುವುದು ಎಲ್ಲರಿಗೂ ಗೊತ್ತು; ಅಪ್‌ಗ್ರೇಡಿನ ನಡುವೆ ಹೋದರೆ ಕಷ್ಟ.

ಅಪ್‌ಗ್ರೇಡ್ ಅರ್ಧದಲ್ಲಿ ನಿಂತು ಹಿಂದಕ್ಕೆ ಬರುವುದಕ್ಕೆ ಸಾಮಾನ್ಯ ಕಾರಣಗಳು ಕೆಲವೇ. 'ಸಿ' ಡ್ರೈವ್ ತುಂಬಿರುವುದು, ಹೊರಗಿನ ಆಂಟಿವೈರಸ್ ಅಡ್ಡ ಬರುವುದು, ಹಳೆಯ ಡ್ರೈವರುಗಳು, ಚುಚ್ಚಿಟ್ಟ ಪೆನ್ ಡ್ರೈವ್ ಮತ್ತಿತರ ಉಪಕರಣಗಳು. ಇವನ್ನು ಮೊದಲೇ ಸರಿಪಡಿಸಿ, ಕೀಲಿಮಣೆ, ಮೌಸ್ ಮತ್ತು ಇಂಟರ್‌ನೆಟ್ ಸಂಪರ್ಕ ಮಾತ್ರ ಇಟ್ಟುಕೊಂಡು ಸುರು ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ. ಮುಗಿದ ದಿನವೇ ಪಾಸ್‌ಬುಕ್ ಪ್ರಿಂಟರ್, ರಶೀದಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಬೆರಳಚ್ಚಿನ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಈ ನಾಲ್ಕನ್ನೂ ನಡೆಸಿ ನೋಡಬೇಕು. ಹಿಂದಿನ ವಿಂಡೋಸಿಗೆ ಮರಳುವ ಅವಕಾಶ ಸಾಮಾನ್ಯವಾಗಿ ಹತ್ತೇ ದಿನ. ಹನ್ನೊಂದನೆಯ ದಿನ ಪ್ರಿಂಟರ್ ನಡೆಯುವುದಿಲ್ಲ ಎಂದು ತಿಳಿದರೆ ಪ್ರಯೋಜನವಿಲ್ಲ. ಮೂರು ಯಂತ್ರಗಳಿದ್ದರೆ ಮೊದಲು ಒಂದನ್ನೇ ಮಾಡಿ, ಒಂದು ವಾರ ನೋಡಿ, ಉಳಿದವುಗಳಿಗೆ ಹೋಗುವುದು ಲೇಸು.

ಹೆಚ್ಚಿನವರು ಎಡವುವುದು ಆಕ್ಟಿವೇಶನ್ ಎಂಬ ಕಡೆಯ ಹೊಸ್ತಿಲಿನಲ್ಲಿ. ವಿಂಡೋಸ್ 10 ಸಾಚಾ ಪರವಾನಗಿಯಿಂದ ನಡೆಯುತ್ತಿದ್ದರೆ ಅದೇ ಯಂತ್ರದಲ್ಲಿ ವಿಂಡೋಸ್ 11ಕ್ಕೆ ಪ್ರತ್ಯೇಕ ಹಣವಿಲ್ಲ. ಇಂಟರ್‌ನೆಟ್ ಇದ್ದರೆ ಪರವಾನಗಿ ತಾನಾಗಿ ಊರ್ಜಿತವಾಗುತ್ತದೆ. ಆಗದಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಪರವಾನಗಿ 'ಹೋಮ್' ಆವೃತ್ತಿಯದು, ಹಾಕಿದ್ದು 'ಪ್ರೊ' ಆವೃತ್ತಿ ಎಂದಾದರೆ ಒಂದರ ಪರವಾನಗಿ ಇನ್ನೊಂದಕ್ಕೆ ನಡೆಯದು. ಇಲ್ಲವೇ ಸಿಡಿಲಿಗೆ ಸುಟ್ಟ ಮದರ್‌ಬೋರ್ಡನ್ನು ಬದಲಿಸಿರಬಹುದು. ಪರವಾನಗಿ ಯಂತ್ರದ ಗುರುತಿಗೆ ಅಂಟಿಕೊಂಡಿರುವುದರಿಂದ ಬೋರ್ಡ್ ಬದಲಾದರೆ ಬೇರೆ ಯಂತ್ರವೆಂದೇ ತಿಳಿಯುತ್ತದೆ. ಮೊದಲೇ ಅದನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದರೆ ಸೆಟ್ಟಿಂಗ್ಸ್ ಒಳಗಿನ ದೋಷ ಪರಿಹಾರದಲ್ಲಿ 'ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ' ಎಂಬುದನ್ನು ಒತ್ತಿ ಸರಿಪಡಿಸಲು ಯತ್ನಿಸಬಹುದು. ಆದರೆ ಯಂತ್ರದೊಂದಿಗೇ ಬಂದ ಒಇಎಂ ಪರವಾನಗಿಯನ್ನು ಇನ್ನೊಂದು ಯಂತ್ರಕ್ಕೆ ಒಯ್ಯುವಂತಿಲ್ಲ. ಮೂರನೆಯ ಕಾರಣ, ವಿಂಡೋಸ್ 7 ಅಥವಾ 8ರ ಹಳೆಯ 25 ಅಕ್ಷರಗಳ ಕೀಲಿಯನ್ನು ಹಾಕಲು ನೋಡುವುದು. ಆ ದಾರಿಯನ್ನು ಮುಚ್ಚಿದ್ದೇವೆಂದು ಕಂಪೆನಿ 2023ರ ಸೆಪ್ಟೆಂಬರಿನಲ್ಲಿ ತಿಳಿಸಿತು.

ಇಲ್ಲಿ ನೇರವಾಗಿ ಒಂದು ಮಾತು ಹೇಳಬೇಕು. ಆಕ್ಟಿವೇಶನ್ ಆಗದಾಗ ಕೆಲವು ರಿಪೇರಿಯವರು ಐದು ನಿಮಿಷದಲ್ಲಿ ಸರಿಮಾಡಿಕೊಡುತ್ತಾರೆ. ಆಂಟಿವೈರಸನ್ನು ನಿಲ್ಲಿಸಿ ಯಾವುದೋ ಸಣ್ಣ ತಂತ್ರಾಂಶವನ್ನು ಓಡಿಸುತ್ತಾರೆ, ಪರದೆಯ ಮೇಲಿನ ಎಚ್ಚರಿಕೆ ಮಾಯವಾಗುತ್ತದೆ, ನಾವು ಖುಷಿಯಿಂದ ಹಣ ಕೊಡುತ್ತೇವೆ. ಕಾವಲುಗಾರನನ್ನು ಮಲಗಿಸಿ ಒಳಗೆ ಬಂದದ್ದು ಏನು ಎಂದು ಯಾರೂ ಕೇಳುವುದಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಕೀಲಿಗಳೂ ಎಷ್ಟೋ ವೇಳೆ ಯಾವುದೋ ದೊಡ್ಡ ಸಂಸ್ಥೆಯ ಸಗಟು ಕೀಲಿಗಳು. ಇಂದು ನಡೆದು ನಾಳೆ ರದ್ದಾಗಬಹುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಸಾವಿರಾರು ಸದಸ್ಯರ ಠೇವಣಿಯ ಲೆಕ್ಕವಿರುವ ಯಂತ್ರದಲ್ಲಿ ಕದ್ದ ತಂತ್ರಾಂಶ ಇರಕೂಡದು. ಕಾನೂನಿನ ದೃಷ್ಟಿಯಿಂದಲೂ ಕೂಡದು, ಸಹಕಾರ ತತ್ತ್ವದ ದೃಷ್ಟಿಯಿಂದಲೂ ಕೂಡದು.

ಪರವಾನಗಿ ಯಾರ ಹೆಸರಿನಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಅನೇಕ ಕಡೆ ಮೈಕ್ರೋಸಾಫ್ಟ್ ಖಾತೆ ಗುಮಾಸ್ತರೊಬ್ಬರ ಸ್ವಂತ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿರುತ್ತದೆ. ಅವರು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ಕೀಲಿಯೂ ಅವರೊಂದಿಗೆ ಹೋದಂತೆ. ಸಂಘದ್ದೇ ಇ-ಮೇಲ್, ಸಂಘದ್ದೇ ಫೋನ್ ಸಂಖ್ಯೆ ಇರಬೇಕು. ಯಂತ್ರದ ಖರೀದಿ ದಿನಾಂಕ, ಆವೃತ್ತಿ, ಕೀಲಿ, ಬಿಟ್‌ಲಾಕರ್ ಸಂಖ್ಯೆ, ಬ್ಯಾಕಪ್ ತೆಗೆದ ದಿನ ಇವಿಷ್ಟನ್ನು ಒಂದು ದಾಖಲೆ ಪುಸ್ತಕದಲ್ಲಿ ಬರೆದು ತಿಜೋರಿಯಲ್ಲಿ ಇಡಬೇಕು. ಕಾರ್ಯದರ್ಶಿ ಬದಲಾದಾಗ ನಗದು, ಸ್ಟಾಕು ವಹಿಸಿಕೊಡುವಂತೆ ಈ ಪುಸ್ತಕವನ್ನೂ ಸಹಿ ಹಾಕಿ ವಹಿಸಿಕೊಡಬೇಕು.

ಕನ್ನಡದ ಬಗ್ಗೆ ಒಂದು ಮಾತು. ಮಣಿಪಾಲದ ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದಾಗಿ ನಮ್ಮ ಕಚೇರಿಗಳಲ್ಲಿ ಕನ್ನಡ ಬೆರಳಚ್ಚು ಸುಲಭವಾಯಿತು. ಮೂಡಿಗೆರೆಯ ಕಾಫಿ ಬೆಳೆಗಾರರೂ ಆಗಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದು ದುಡಿದರು. ಆದರೆ ನಮ್ಮ ಹಳೆಯ ನಿರ್ಣಯಗಳು, ಮಹಾಸಭೆಯ ವರದಿಗಳು ಬಹಳಷ್ಟು ಹಳೆಯ ನುಡಿ, ಬರಹ ಅಕ್ಷರಗಳಲ್ಲಿವೆ. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಹಳೆಯ ಯಂತ್ರವನ್ನು ಅಳಿಸುವ ಮೊದಲು ಅವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ ಓದಿ ನೋಡಬೇಕು. ಸಂಘದ ಇತಿಹಾಸ ಒಂದು ಫಾಂಟಿನೊಂದಿಗೆ ಅಳಿಸಿಹೋಗಬಾರದು.

ಮೂರನೆಯ ವರ್ಗದ ಯಂತ್ರಗಳಿಗೆ ಎರಡು ದಾರಿ. ಸಂಸ್ಥೆಗಳಿಗೆ ಹಣಕ್ಕೆ ವಿಸ್ತೃತ ರಕ್ಷಣೆ ಕೊಡುವುದಾಗಿ ಕಂಪೆನಿ ಘೋಷಿಸಿತು. ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಅನಂತರ ವರ್ಷ ವರ್ಷ ಇಮ್ಮಡಿ, ಹೆಚ್ಚೆಂದರೆ ಮೂರು ವರ್ಷ. ಮೂರೂ ವರ್ಷಕ್ಕೆ 427 ಡಾಲರ್ ಆಗುವುದರಿಂದ ಇದು ಲಾಭದ ಬಾಬಲ್ಲ. ಇನ್ನೊಂದು, ಬೆಲೆಯಿಲ್ಲದ ಲಿನಕ್ಸ್. ಕೇರಳದ ಸರಕಾರಿ ಶಾಲೆಗಳು ವರ್ಷಗಳಿಂದ ಅದನ್ನೇ ಬಳಸುತ್ತಿವೆ. ಪತ್ರವ್ಯವಹಾರಕ್ಕೆ, ಧಾರಣೆ ನೋಡುವುದಕ್ಕೆ ಅದು ಧಾರಾಳ ಸಾಕು. ಆದರೆ ಲೆಕ್ಕದ ತಂತ್ರಾಂಶವೂ ಪಾಸ್‌ಬುಕ್ ಪ್ರಿಂಟರೂ ಅದರಲ್ಲಿ ನಡೆಯುತ್ತವೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಕೇಂದ್ರ ಸರಕಾರ 2022ರ ಜೂನ್ 29ರಂದು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಹೊರಟಿತು. ಆ ಯೋಜನೆ ಪತ್ತಿನ ಸಂಘಗಳಿಗಾಗಿ. ಬೆಳೆಗಾರರ ಮಾರಾಟ ಸಂಘಗಳು ತಮ್ಮ ವ್ಯವಸ್ಥೆಯನ್ನು ತಾವೇ ನೋಡಿಕೊಳ್ಳಬೇಕು. ಒಂದೊಂದು ಸಂಘ ಬೇರೆ ಬೇರೆಯಾಗಿ ರಿಪೇರಿಯವರ ಕೈಕಾಲು ಹಿಡಿಯುವುದಕ್ಕಿಂತ ಉಡುಪಿ, ಕಾಪು, ಕಾರ್ಕಳದ ಸಂಘಗಳು ಸೇರಿ ಒಬ್ಬ ನಂಬಿಕಸ್ಥ ತಂತ್ರಜ್ಞರನ್ನು ವರ್ಷದ ಕರಾರಿನ ಮೇಲೆ ಇಟ್ಟುಕೊಳ್ಳಬಾರದೇಕೆ? ಪರವಾನಗಿಗಳನ್ನು ಒಟ್ಟಾಗಿ ಕೊಂಡರೆ ಬೆಲೆ ಮಾತನಾಡುವುದಕ್ಕೂ ಬಲ ಬರುತ್ತದೆ. 1928ರಲ್ಲಿ ಪಿಗ್ಮಿ ಠೇವಣಿಯ ಮೂಲಕ ದಿನಕ್ಕೆ ಎರಡಾಣೆ ಕೂಡಿಸಿ ದೊಡ್ಡ ಬ್ಯಾಂಕೊಂದನ್ನು ಬೆಳೆಸಿದ ಊರಿನವರಿಗೆ ಇದು ಅಸಾಧ್ಯವೇ?

ಮುಂದಿನ ಮಹಾಸಭೆಗೆ ಬರುವಾಗ ಸದಸ್ಯರು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕೆಂದು ನನ್ನ ವಿನಂತಿ. ನಮ್ಮ ಕಂಪ್ಯೂಟರಿನ ಪರವಾನಗಿ ಸಾಚಾವೇ? ಅದು ಯಾರ ಹೆಸರಿನಲ್ಲಿದೆ? ಕೊನೆಯ ಬ್ಯಾಕಪನ್ನು ತೆರೆದು ನೋಡಿದ್ದು ಯಾವಾಗ? ಕಾರ್ಯದರ್ಶಿಗಳಾದ ನಾವು ಈ ಪ್ರಶ್ನೆಗಳಿಗೆ ಎದ್ದು ನಿಂತು ಉತ್ತರ ಕೊಡಲು ಬದ್ಧರು.