ಒಂದು ತಟ್ಟೆಯ ಆಲಸ್ಯ

ಹತ್ತು ಸಂವತ್ಸರಗಳಿಗೂ ಮಿಗಿಲಾಗಿ ನನ್ನ ಮೇಜಿನ ಮೇಲೆ ಕುಳಿತು, ನಾನು ಬರೆದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಸಮಚಿತ್ತದಿಂದ ಸ್ವೀಕರಿಸುತ್ತ ಬಂದಿದ್ದ ಲ್ಯಾಪ್‌ಟಾಪು, ಈಚಿನ ಎರಡು ವರ್ಷಗಳಲ್ಲಿ ಎಷ್ಟು ನಿಧಾನವಾಗಿದ್ದಿತೆಂದರೆ, ಗುಂಡಿಯನ್ನು ಒತ್ತಿ, ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಹೊರಬಂದರೂ ಪರದೆಯ ಮೇಲಿನ ಸಣ್ಣ ಚುಕ್ಕಿಗಳು ತಮ್ಮ ಪ್ರದಕ್ಷಿಣೆಯನ್ನು ಮುಗಿಸಿರುತ್ತಿರಲಿಲ್ಲ. ಒಳಗಿನಿಂದ ಹಲಗೆಯನ್ನು ಹುಳು ಕೊರೆಯುವಂತಹ ಸದ್ದೊಂದು ಮಾತ್ರ ಬಿಟ್ಟುಬಿಟ್ಟು ಕೇಳಿಬರುತ್ತಿದ್ದಿತು. "ಅದಕ್ಕೆ ವಯಸ್ಸಾಯ್ತು ಮಾವ, ಎಕ್ಸ್‌ಚೇಂಜಿಗೆ ಹಾಕಿ ಹೊಸದು ತಗೊಂಡ್ಬಿಡಿ" ಎಂದು ತಂಗಿಯ ಮಗ ತೀರ್ಪಿತ್ತನು. ಮೇಲ್ಮನವಿಯ ಯೋಚನೆಯೂ ಇಲ್ಲದೆ ನಾನು ಅದನ್ನು ಒಪ್ಪಿಕೊಂಡಿದ್ದೆನು. ಆ ತೀರ್ಪನ್ನು ತಳ್ಳಿಹಾಕಿದವನು ಬೆಂಗಳೂರಿನ ಎಸ್.ಪಿ. ರಸ್ತೆಯ ಮಾಳಿಗೆಯೊಂದರಲ್ಲಿ, ಮೂರು ಜನ ನಿಂತರೆ ನಾಲ್ಕನೆಯವನಿಗೆ ಎಡೆಯಿಲ್ಲದ ಅಂಗಡಿಯಲ್ಲಿ ಕುಳಿತಿದ್ದ ಒಬ್ಬ ತರುಣ. ಕಿವಿಯನ್ನು ಯಂತ್ರಕ್ಕೆ ಹಚ್ಚಿ, ನಾಡಿ ನೋಡಿದ ವೈದ್ಯನಂತೆ ತಲೆಯಾಡಿಸಿ, "ಬೋರ್ಡು ಗಟ್ಟಿಯಾಗಿದೆ ಸಾರ್, ಪ್ರೊಸೆಸರ್ರೂ ಚೆನ್ನಾಗೇ ಇದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಇನ್ನೂ ನಾಲ್ಕು ವರ್ಷ ಓಡತ್ತೆ" ಎಂದನು.

ನಮ್ಮಲ್ಲನೇಕರು ಯಂತ್ರದ ವಾರ್ಧಕ್ಯವೆಂದು ಭ್ರಮಿಸುವುದು ಬಹುಮಟ್ಟಿಗೆ ಈ ಒಂದು ಅವಯವದ ಆಲಸ್ಯ. ಹಾರ್ಡ್ ಡಿಸ್ಕೆಂಬುದು ತತ್ತ್ವತಃ ಗ್ರಾಮಫೋನಿನ ಸೋದರ ಸಂಬಂಧಿ: ತಿರುಗುವ ತಟ್ಟೆ, ಅದರ ಮೇಲೆ ಹಿಂದುಮುಂದಾಗಿ ಚಲಿಸುವ ತೋಳು, ಮುಳ್ಳಿನ ಬದಲು, ತಟ್ಟೆಯನ್ನು ಸೋಕದೆ ಕೂದಲೆಳೆಗಿಂತ ಸಹಸ್ರಾರು ಪಾಲು ಕಡಮೆ ಎತ್ತರದಲ್ಲಿ ತೇಲುವ, ಕಾಂತಚಿಹ್ನೆಗಳನ್ನು ಓದುವ ಒಂದು ತಲೆ. 1956ರಲ್ಲಿ ಐಬಿಎಂ ಸಂಸ್ಥೆಯು ಇದರ ಮೂಲಪುರುಷನನ್ನು ಲೋಕಕ್ಕೆ ತೋರಿಸಿದಾಗ ಎರಡಡಿ ವ್ಯಾಸದ 50 ತಟ್ಟೆಗಳು ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಫೋನಿನಲ್ಲಿ ತೆಗೆದ ಒಂದು ಭಾವಚಿತ್ರಕ್ಕೆ ಅಷ್ಟು ಸ್ಥಳ ಸಾಲದೆ ಹೋಗಬಹುದು. ಗಾತ್ರ ಕುಗ್ಗಿತು, ಧಾರಣಶಕ್ತಿ ಊಹಾತೀತವಾಗಿ ಬೆಳೆಯಿತು. ಆದರೆ ತಟ್ಟೆ ತಿರುಗಬೇಕು, ತೋಳು ಹೋಗಬೇಕು ಎಂಬ ಕುಲಧರ್ಮ ಮಾತ್ರ ತಪ್ಪಲಿಲ್ಲ.

ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಉಚಿತ. ಸಾಮಾನ್ಯ ಲ್ಯಾಪ್‌ಟಾಪಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಅಕ್ಷರ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಆ ಜಾಡಿಗೆ ಸರಿಯಲು ಇನ್ನೊಂದು ಹನ್ನೆರಡು ಮಿಲಿಸೆಕೆಂಡು ಸೇರಿಸಿಕೊಂಡರೆ, ಒಂದು ಚೂರನ್ನು ಹುಡುಕುವುದಕ್ಕೆ ಹದಿನೇಳು ಮಿಲಿಸೆಕೆಂಡು ಸಂದಿತು. ಇದು ಮನುಷ್ಯಮಾತ್ರದವರಿಗೆ ಒಂದು ರೆಪ್ಪೆಯ ಬಡಿತಕ್ಕಿಂತಲೂ ಕಡಮೆಯೆ. ಆದರೆ ಸೆಕೆಂಡಿಗೆ 200 ಕೋಟಿ ಬಾರಿ ಮಿಡಿಯುವ ಪ್ರೊಸೆಸರಿಗೆ, ಅಷ್ಟರಲ್ಲಿ ಮೂರು ಕೋಟಿಗೂ ಹೆಚ್ಚು ಮಿಡಿತಗಳು ಕೈಕಟ್ಟಿ ಕುಳಿತೇ ಕಳೆದುಹೋದವು. ಗ್ರಾಮಫೋನಿನ ಹಾಡಿನಂತೆ ಒಂದೇ ಜಾಡಿನಲ್ಲಿ ಸಾಗುವುದಾದರೆ ಚಿಂತೆಯಿರಲಿಲ್ಲ. ಯಂತ್ರ ಎಚ್ಚರಗೊಳ್ಳುವಾಗ ಬೇಕಾಗುವುದು ಅಲ್ಲೊಂದು ಇಲ್ಲೊಂದು ಚದರಿಬಿದ್ದಿರುವ ಸಾವಿರಾರು ಚೂರುಗಳು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಬ್ಬನೇ ಜವಾನನನ್ನಿರಿಸಿ ಸಾವಿರ ಕಡತಗಳನ್ನು ಒಂದೊಂದಾಗಿ ತರಿಸಿಕೊಂಡರೆ ಸಾಹೇಬರು ಎಷ್ಟು ಚುರುಕಾಗಿದ್ದು ಏನು ಫಲ?

ಎಸ್‌ಎಸ್‌ಡಿಯಲ್ಲಿ ತಟ್ಟೆಯಿಲ್ಲ, ತೋಳಿಲ್ಲ. ಸಿಲಿಕಾನಿನ ಅಣುಮಾತ್ರದ ಕೋಣೆಗಳಲ್ಲಿ ವಿದ್ಯುತ್ಕಣಗಳನ್ನು ಸೆರೆಹಿಡಿದಿಡುವುದೇ ಅದರ ಬರವಣಿಗೆ. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ಎಂಬ ಎಂಜಿನಿಯರು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಇದರ ಆಧಾರ. ಯಾವ ಚೂರು ಎಲ್ಲಿದ್ದರೂ, ಮಿಲಿಸೆಕೆಂಡಿನ ಹತ್ತನೆಯ ಒಂದಂಶದಷ್ಟು ಕಾಲದಲ್ಲಿ ಅದು ಕೈಗೆ ಬರುತ್ತದೆ.

ಇದ್ದ ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಂಡು, ಹೊಸ ಯಂತ್ರದ ಬೆಲೆಯ ಹತ್ತನೆಯ ಒಂದು ಪಾಲನ್ನೂ ಮುಟ್ಟದ ಹಣ ತೆತ್ತು, ನಾನೇ ಈ ಶಸ್ತ್ರಚಿಕಿತ್ಸೆಗೆ ಕೈಹಾಕಿದೆನು. ಹನ್ನೊಂದು ತಿರುಪುಗಳನ್ನು ಬಿಚ್ಚಿದರೂ ತಳದ ಮುಚ್ಚಳ ಜಪ್ಪಯ್ಯ ಎನ್ನಲಿಲ್ಲ. ಪೌರುಷದಿಂದ ಎಬ್ಬಲು ಹೋದಾಗ ಮೂಲೆಯ ಪ್ಲಾಸ್ಟಿಕ್ ಕೊಂಡಿ ಟಪ್ಪೆಂದು ಮುರಿಯಿತು. ಹನ್ನೆರಡನೆಯ ತಿರುಪು ರಬ್ಬರಿನ ಪಾದದ ಅಡಿಯಲ್ಲಿ ಅಡಗಿದ್ದಿತು! ಒಳಗಿನ ಕೆಲಸವಾದರೋ ಅತಿ ಸುಲಭ: ಎರಡೂವರೆ ಅಂಗುಲದ ಹಳೆಯ ಪೆಟ್ಟಿಗೆಯನ್ನು ಪಕ್ಕಕ್ಕೆ ಜರುಗಿಸಿ ತೆಗೆದು, ಅದೇ ಅಳತೆಯ ಹೊಸದನ್ನು ಅದೇ ಕಿಂಡಿಗೆ ಒತ್ತುವುದು. ಕಾರ್ಯವ್ಯವಸ್ಥೆಯನ್ನು ಅದರಲ್ಲಿ ಸ್ಥಾಪಿಸಿದ ಮೇಲೆ ಗುಂಡಿಯೊತ್ತಿ ಟವೆಲು ಹುಡುಕುವಷ್ಟರಲ್ಲಿ ಯಂತ್ರ ಎದ್ದು ಕುಳಿತು ನನ್ನ ಗುಪ್ತಪದವನ್ನು ಕೇಳುತ್ತಿದ್ದಿತು. ಆ ಮೂಲೆ ಇಂದಿಗೂ ತುಸು ಬಾಯ್ಬಿಟ್ಟುಕೊಂಡೇ ಇದೆ.

ಇದನ್ನು ಸಂಜೀವಿನಿಯೆಂದು ಕೊಂಡಾಡುವ ಹುಮ್ಮಸ್ಸು ನನಗಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನದರಷ್ಟು ಹಳೆಯ ಯಂತ್ರಗಳಿಗೆ 11ನೆಯ ಆವೃತ್ತಿ ಅಧಿಕೃತವಾಗಿ ದೊರೆಯದು. ಆದಕಾರಣ ನಾನು ಉಬುಂಟು ಎಂಬ ಬೇರೊಂದು ಕಾರ್ಯವ್ಯವಸ್ಥೆಯ ಮೊರೆಹೊಕ್ಕಿದ್ದೇನೆ, ಕನ್ನಡ ಬರೆಯಲು ಏನೂ ಅಡ್ಡಿಯಾಗಿಲ್ಲ. ಹಾರ್ಡ್ ಡಿಸ್ಕು ಸಾಯುವ ಮುನ್ನ ಅನೇಕ ವೇಳೆ ನರಳುವುದುಂಟು, ಎಸ್‌ಎಸ್‌ಡಿಗೆ ಆ ಸೌಜನ್ಯವೂ ಇಲ್ಲದಿರಬಹುದು, ಸದ್ದಿಲ್ಲದೆ ಹೋಗಿಬಿಡಬಲ್ಲದು.

ನನ್ನ ತಕರಾರು ಬೇರೆಯೇ ಇದೆ. ಇಷ್ಟು ಅಲ್ಪವ್ಯಯದಿಂದ ಯಂತ್ರ ಮರಳಿ ಬಾಳುವಂತಾದದ್ದು ಆ ಅವಯವವನ್ನು ತೆಗೆದು ಹಾಕಲು ಬರುತ್ತಿದ್ದುದರಿಂದ. ಈಗ ಬರುತ್ತಿರುವ ತೆಳುಯಂತ್ರಗಳಲ್ಲಿ ಎಷ್ಟೋ ಕಡೆ ರ್‍ಯಾಮನ್ನೂ, ಕೆಲವುಗಳಲ್ಲಿ ಸಂಗ್ರಹವನ್ನೂ ಬೋರ್ಡಿಗೇ ಬೆಸುಗೆ ಹಾಕಿಬಿಡುತ್ತಾರೆ. ಒಂದು ಹಲ್ಲು ಹುಳುಕಾದರೆ ತಲೆಯನ್ನೇ ಬದಲಾಯಿಸಬೇಕೆಂಬ ನ್ಯಾಯವಿದು. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪು ಮಾರುವವರು ಅದು ಎಷ್ಟರಮಟ್ಟಿಗೆ ದುರಸ್ತಿಗೆ ಒಗ್ಗುವುದೆಂಬುದಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಬರೆದು ತೋರಿಸಬೇಕು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷ ಒಂದು ಜಾಲತಾಣವನ್ನೂ ತೆರೆಯಿತು. ಆದರೆ ಬಣ್ಣ, ತೂಕ, ಕಂತುಗಳ ವಿಷಯದಲ್ಲಿ ಅರ್ಧ ಗಂಟೆ ಚೌಕಾಸಿ ಮಾಡುವ ನಾವು, ತಳ ಬಿಚ್ಚಿದರೆ ಒಳಗೆ ಬದಲಾಯಿಸಲು ಏನಾದರೂ ಉಂಟೆ ಎಂದು ಅಂಗಡಿಯವನನ್ನು ಕೇಳಿದ್ದುಂಟೆ?

ತಂಗಿಯ ಮಗನೂ ಕೇಳಿರಲಿಲ್ಲ. ಅವನು ಕೊಂಡ ಅಂಗೈ ಹಗುರದ ಹೊಸ ಲ್ಯಾಪ್‌ಟಾಪಿನಲ್ಲಿ ಇದ್ದ 64 ಜಿಬಿ ಜಾಗ ಎಂಟು ತಿಂಗಳಲ್ಲಿ ತುಂಬಿಹೋಯಿತು. ಎಸ್.ಪಿ. ರಸ್ತೆಯ ಆ ತರುಣ ಅದನ್ನು ತಿರುಗಿಸಿ ನೋಡಿ, "ಇದರಲ್ಲಿ ತೆಗೆಯೋಕೆ ಏನೂ ಇಲ್ಲ ಸಾರ್, ಎಲ್ಲಾ ಬೆಸುಗೆ" ಎಂದು ಹಿಂದಿರುಗಿಸಿದನು. ನನ್ನ ಯಂತ್ರದಿಂದ ತೆಗೆದ ಹಾರ್ಡ್ ಡಿಸ್ಕಿಗೆ ಒಂದು ಕೇಸಿಂಗ್ ತೊಡಿಸಿ ಯುಎಸ್‌ಬಿಗೆ ಜೋಡಿಸುವಂತೆ ಮಾಡಿಕೊಂಡಿದ್ದೆನು; ತಂಗಿಯ ಮಗನ ಮದುವೆಯ ಚಿತ್ರಗಳ ಒಂದು ಪ್ರತಿ ಈಗ ಅದರಲ್ಲಿದೆ.