ನಕಾಶೆ ಕಂಡ ದಾರಿ, ಕಾಣದ ದಾರಿ

ಹೊಸ ಥಾರ್ ಕೊಂಡ ಗೆಳೆಯನೊಬ್ಬ ಮೊದಲ ವಾರದಲ್ಲೇ ಕೇಳಿದ: ‘ಇದನ್ನ ಎಲ್ಲಿ ಓಡಿಸೋದು?’ ಗಾಡಿಗೆ ಫೋರ್ ವೀಲ್ ಇದೆ, ಲೋ ಗೇರ್ ಇದೆ, ಮೊಣಕಾಲುದ್ದದ ನೀರಿಗಿಳಿಯುವ ತಾಕತ್ತಿದೆ. ಆದರೆ ಅದು ದಿನಾ ತೆವಳುತ್ತಿದ್ದದ್ದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ. ಒಂದು ಶನಿವಾರ ಮೂಡಿಗೆರೆ ಕಡೆ ಹೊರಟೆವು. ರಸ್ತೆ ಪಕ್ಕದಲ್ಲಿ ಹಸಿರು ದಿಬ್ಬವೊಂದು ಕಂಡಿತು. ಬೇಲಿ ಇಲ್ಲ, ಬೋರ್ಡಿಲ್ಲ, ಕಣ್ಣಳತೆಯಲ್ಲಿ ಮನೆಯೂ ಇಲ್ಲ. ಇಳಿಸಿಯೇ ಬಿಟ್ಟ. ನೂರು ಮಾರು ಹೋಗುವಷ್ಟರಲ್ಲಿ ಗಾಡಿ ಜೌಗಿನಲ್ಲಿ ಕೂತಿತು. ಟ್ರಾಕ್ಟರ್ ತಂದು ಎಳೆದ ರೈತ ದುಡ್ಡು ಮುಟ್ಟಲಿಲ್ಲ. ಹಗ್ಗ ಬಿಚ್ಚುತ್ತಾ ಇಷ್ಟೇ ಅಂದರು: ‘ಸಾರ್, ಇದು ಖಾಲಿ ಬಿದ್ದಿರೋ ಜಾಗ ಅಲ್ಲ. ನಮ್ಮೂರ ದನ ಮೇಯೋದು ಇಲ್ಲೇ.’

ದಾರಿಯಿಲ್ಲದ ಕಡೆ ಕಾನೂನುಬದ್ಧವಾಗಿ ಗಾಡಿ ಓಡಿಸಲು ಜಾಗ ಎಲ್ಲಿದೆ ಎಂಬ ಪ್ರಶ್ನೆ ಎಡವುವುದು ಆ ‘ಖಾಲಿ’ ಎಂಬ ಮಾತಿನಲ್ಲೇ. ಪೇಟೆಯವನಿಗೆ ಬೇಲಿ ಕಾಣದಿದ್ದರೆ ಜಾಗ ಖಾಲಿ. ನಮ್ಮ ಕಂದಾಯದ ಭಾಷೆಯಲ್ಲಿ ಹೆಸರಿಲ್ಲದ ನೆಲವೇ ಇಲ್ಲ. ಗೋಮಾಳ, ಕಾವಲು, ಖರಾಬು, ಕುಮ್ಕಿ, ಬಾಣೆ, ಸೊಪ್ಪಿನಬೆಟ್ಟ, ಕೆರೆಯಂಗಳ ಎಂದು ಒಂದೊಂದಕ್ಕೂ ಒಂದೊಂದು ಹೆಸರು, ಪ್ರತಿ ಹೆಸರಿನ ಹಿಂದೆ ಯಾರದೋ ಹಕ್ಕು. ಸೊಪ್ಪಿನಬೆಟ್ಟದ ದರಕು ಅಡಿಕೆ ತೋಟಕ್ಕೆ ಹೋಗುತ್ತದೆ, ಗೋಮಾಳದ ಹುಲ್ಲು ಊರ ಹಟ್ಟಿಗೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಕತೆ ಇದನ್ನೇ ದೊಡ್ಡ ಪ್ರಮಾಣದಲ್ಲಿ ತೋರಿಸಿತು. ಸುಮಾರು 10,000 ಎಕರೆ ಹುಲ್ಲುಗಾವಲನ್ನು ಡಿಆರ್‌ಡಿಓ, ಬಿಎಆರ್‌ಸಿ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವಕ್ಕೆ ಹಂಚಿದಾಗಲೇ ಅಲ್ಲಿ ಕುರಿ ಮೇಯುತ್ತಿದ್ದವು, ಕಂಬಳಿ ನೇಯುವವರ ಬದುಕು ಅದನ್ನೇ ನಂಬಿತ್ತು ಎಂಬುದು ಹೊರಗಿನವರಿಗೆ ಗೊತ್ತಾಗಿದ್ದು. ಸರ್ಕಾರವೇ ಖಾಲಿ ಎಂದುಕೊಂಡ ಮೇಲೆ ಜೀಪಿನವನನ್ನು ಮಾತ್ರ ಬೈದು ಫಲವಿಲ್ಲ.

ಈಗ ದಿಶಾಂಕ್ ಆ್ಯಪ್ ಇದೆ. ನಿಂತ ಜಾಗದಲ್ಲೇ ಮೊಬೈಲು ತೆಗೆದರೆ ಕಾಲ ಕೆಳಗಿನ ಸರ್ವೆ ನಂಬರು ಬರುತ್ತದೆ. ಅದರ ಪಹಣಿ ನೋಡಿದರೆ ಖಾಸಗಿಯೋ ಸರ್ಕಾರಿಯೋ ಎಂಬುದು ತಿಳಿಯುತ್ತದೆ. ಜೊತೆಗೆ ಗ್ರಾಮನಕ್ಷೆಯಲ್ಲಿ ಗುರುತಿಸಿದ ಹಳೆಯ ಬಂಡಿದಾರಿಗಳಿವೆ. ತಾಲ್ಲೂಕು ಕಚೇರಿಯ ಬಾಯಲ್ಲಿ ಅವು ‘ನಕಾಶೆ ಕಂಡ ದಾರಿ’. ಹೊಲಕ್ಕೆ ಗೊಬ್ಬರ, ಮನೆಗೆ ಪೈರು ಸಾಗಿಸಲು ಉಳಿಸಿದ ದಾರಿ ಅದು, ಯಾರೂ ಮುಚ್ಚುವಂತಿಲ್ಲ. ಜೀಪಿನವನಿಗೆ ಮೊದಲು ಹೊಳೆಯಬೇಕಾದದ್ದು ಇಂಥ ದಾರಿಗಳೇ. ಗುಂಡಿ, ಕಲ್ಲು, ಕೆಸರು ಯಾವುದಕ್ಕೂ ಅಲ್ಲಿ ಕೊರತೆಯಿಲ್ಲ. ಆದರೆ ದಾರಿಯ ಮೇಲಿನ ಹಕ್ಕು ದಾರಿಗೆ ಮಾತ್ರ, ಬದುವಿನಾಚೆ ಚಕ್ರ ಹೊರಳಿಸಲು ಸಾಲದು.

ಕಾಡಿನ ಮಾತು ಬೇರೆ, ಅಲ್ಲಿ ಕಾನೂನು ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಹೋಗಲು ಪರವಾನಗಿ ಬೇಕು. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಕಾವಲು. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಊರಿನ ಬಾಡಿಗೆ ಜೀಪುಗಳು ಹತ್ತುತ್ತವಲ್ಲ ಎಂದು ಕೇಳುವವರಿದ್ದಾರೆ. ಅವು ಗೊತ್ತಾದ ಒಂದೇ ಜಾಡಿನಲ್ಲಿ ಹತ್ತಿ ಇಳಿಯುತ್ತವೆ. ಆ ಜೀಪಿನ ಕ್ಲಚ್ಚು ಸವೆಯುವುದು ಚಾಲಕನ ಮನೆಯ ಅಕ್ಕಿಗಾಗಿ.

ಗೆರೆ ಬಿಟ್ಟು ಹೋದರೆ ಆಗುವ ನಷ್ಟ ಎಂಥದ್ದೆಂದು ಒಂದು ಮಳೆಗಾಲ ಕಾದು ನೋಡಿದವರಿಗೆ ಗೊತ್ತು. ಪಶ್ಚಿಮಘಟ್ಟದ ನೆತ್ತಿಯ ಹುಲ್ಲು ಸ್ಪಂಜಿನ ಹಾಗೆ ನೀರು ಹಿಡಿದು ಕೆಳಗಿನ ಶೋಲಾ ಕಾಡಿಗೆ ತೊಟ್ಟಿಕ್ಕಿಸುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲದ ಸುತ್ತ ಇಂಥದೇ ಬೆಟ್ಟಗಳು. ಒದ್ದೆ ಇಳಿಜಾರಿನಲ್ಲಿ ಒಂದು ಗಾಡಿ ನೇರ ಹತ್ತಿದರೆ ಎರಡು ಗೀರು ಬೀಳುತ್ತವೆ. ಹುಲ್ಲಿನ ಬೇರು ಹರಿದು, ಅಡಿಯ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಜೂನ್‌ನಲ್ಲಿ ಗೀರು ಕಾಲುವೆಯಾಗುತ್ತದೆ, ಮುಂದಿನ ವರ್ಷಗಳಲ್ಲಿ ಕೊರಕಲು. ಮುಂದೆ ಬರುವವನು ಕೊರಕಲು ತಪ್ಪಿಸಲು ಪಕ್ಕದಲ್ಲಿ ಇನ್ನೆರಡು ಗೀರು ಎಳೆಯುತ್ತಾನೆ. ಬಯಲುಸೀಮೆಯ ಒಣಗಿದ ಕೆರೆಯಂಗಳವಾದರೂ ನಿರ್ಜೀವವೇ? ಬೇಸಿಗೆಯಲ್ಲಿ ಟಿಟ್ಟಿಭ ಅಲ್ಲೇ ಬರಿ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಕಲ್ಲುಹರಳಿನ ಬಣ್ಣದ ನಾಲ್ಕು ಮೊಟ್ಟೆ. ಬಗ್ಗಿ ಹುಡುಕಿದರೂ ಕಾಣದ ಅವು ಸ್ಟಿಯರಿಂಗ್ ಹಿಂದೆ ಕೂತವನಿಗೆ ಕಾಣುವುದುಂಟೇ?

ದಂಡ ಹಾಕಿದರೆ ಸರಿಹೋಗುತ್ತದೆಯೇ? 2023ರ ಡಿಸೆಂಬರಿನಲ್ಲಿ ಹಿಮಾಚಲದ ಲಾಹೌಲಿನಲ್ಲಿ ಟ್ರಾಫಿಕ್ ಜಾಮ್ ತಪ್ಪಿಸಲು ಒಬ್ಬ ತನ್ನ ಥಾರನ್ನು ಚಂದ್ರಾ ನದಿಗೇ ಇಳಿಸಿದ. ವಿಡಿಯೊ ಊರೆಲ್ಲ ಸುತ್ತಿತು, ಪೊಲೀಸರು 3,500 ರೂಪಾಯಿ ದಂಡ ಹಾಕಿದರು. ಅಷ್ಟು ಬೆಲೆಯ ಗಾಡಿಗೆ ಅದೊಂದು ಟೋಲ್ ಇದ್ದ ಹಾಗೆ. ಗಾಡಿ ಮಾರುವ ಜಾಹೀರಾತುಗಳಲ್ಲೂ ನದಿಯ ನೀರು ಎರಡೂ ಕಡೆ ರೆಕ್ಕೆಯಂತೆ ಚಿಮ್ಮುತ್ತಿರುತ್ತದೆ.

ಹಾಗಾದರೆ ಈ ಹವ್ಯಾಸವನ್ನೇ ನಿಷೇಧಿಸಬೇಕೇ? ಉಳ್ಳವರ ಆಟಿಕೆ ತಾನೇ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೆಟ್ಟ ನೆಲದಲ್ಲಿ ಗಾಡಿ ನಡೆಸುವುದು ಮಲೆನಾಡಿನಲ್ಲಿ ಬದುಕಿನ ವಿದ್ಯೆ. ಜುಲೈ ಮಳೆಯಲ್ಲಿ ಹಳೆಯ ಮಹೀಂದ್ರಾ ಜೀಪಿನ ಹಿಂಚಕ್ರಕ್ಕೆ ಚೈನು ಸುತ್ತಿ, ಹೆರಿಗೆ ನೋವಿನ ಹೆಂಗಸನ್ನು ಕೆಸರಿನ ಏರಿನಲ್ಲಿ ದಾಟಿಸಿದ ಡ್ರೈವರುಗಳು ಅಲ್ಲಿ ಊರಿಗೊಬ್ಬರಿದ್ದಾರೆ. ಆಕ್ಸಿಲರೇಟರನ್ನು ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಎಂಬುದು ಅವರ ಪಾದಕ್ಕೆ ಗೊತ್ತು. ಆ ವಿದ್ಯೆಯನ್ನು ಪೇಟೆಯವನೊಬ್ಬ ಖುಷಿಗೆ ಕಲಿತರೆ ತಪ್ಪೇನಿಲ್ಲ.

ಇಲ್ಲೇ ನನ್ನ ತಕರಾರು ಇರುವುದು. ಈ ಖುಷಿಗೆ ಕಾಡು ಬೇಕು ಎಂದು ಹೇಳಿಕೊಟ್ಟವರು ಯಾರು? ಚಾಲಕನಿಗೆ ಬೇಕಾದದ್ದು ಜಾರುವ ಜೇಡಿ, ಕಡಿದಾದ ಏರು, ಒಂದು ಚಕ್ರ ಗಾಳಿಯಲ್ಲಿ ತೂಗುವಂಥ ಹೊಂಡ. ಇಷ್ಟು ಎರಡು ಎಕರೆಯಲ್ಲಿ ಸಿಗುತ್ತದೆ. ಕೊಡಗಿನಲ್ಲಿ ಕಾಫಿ ತೋಟದೊಳಗೆ ಆಫ್‌ರೋಡ್ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ವಿಂಚಿನ ಹಗ್ಗ ಹಿಡಿದು ಕೆಸರಲ್ಲಿ ಮಿಂದವರ ಮುಖದ ಕಳೆ ಯಾವ ಕಾಡಿಗೆ ನುಗ್ಗಿದವರಿಗೂ ಕಡಿಮೆಯಿಲ್ಲ. ಕಾಡು ಬೇಕಾಗುವುದು ಫೋಟೊಗೆ. ಬೆಟ್ಟದ ನೆತ್ತಿ, ಮೋಡ, ಮುಂದೆ ಗಾಡಿ! ಚಾಲನೆಗೆ ನೆಲ ಕೇಳುವವರಿಗೆ ನೆಲ ಹುಡುಕಿಕೊಡಬಹುದು. ಫೋಟೊಗಾಗಿ ಕಾಡು ಕೇಳುವವರಿಗೆ ‘ಇಲ್ಲ’ ಎಂದರೆ ಸಾಕು.

ಬೇರೆ ದೇಶಗಳೂ ಸುಮಾರು ಇಲ್ಲಿಗೇ ಬಂದು ಮುಟ್ಟಿವೆ. ಅಮೆರಿಕದಲ್ಲಿ 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಜಮೀನಿನಲ್ಲಿ ಇಂಥ ವಾಹನಗಳಿಗೆ ಹತೋಟಿ ತರುವ ಆದೇಶ ಹೊರಡಿಸಿದರು. 2005ರ ನಿಯಮದಿಂದೀಚೆಗೆ ಅಲ್ಲಿನ ಅರಣ್ಯ ಇಲಾಖೆ ನಕ್ಷೆಯನ್ನು ಪುಕ್ಕಟೆ ಹಂಚುತ್ತದೆ, ನಕ್ಷೆಯಲ್ಲಿದ್ದರೆ ಓಡಿಸಿ, ಇಲ್ಲದಿದ್ದರೆ ಇಲ್ಲ. ಯಾರ ಜಮೀನಿನಲ್ಲಾದರೂ ನಡೆಯುವ, ಡೇರೆ ಹಾಕುವ ಹಕ್ಕನ್ನು ಎಲ್ಲರಿಗೂ ಕೊಟ್ಟಿರುವ ಸ್ವೀಡನ್ ಸಹ 1975ರ ಕಾಯ್ದೆಯಲ್ಲಿ ಬರಿ ನೆಲದ ಮೇಲೆ ಮೋಜಿಗೆ ಮೋಟಾರು ಓಡಿಸುವುದನ್ನು ತಡೆಯಿತು. ಇಂಗ್ಲೆಂಡಿನ ಪಾಠ ನಮ್ಮ ನಕಾಶೆ ಕಂಡ ದಾರಿಗೆ ಇನ್ನೂ ಹತ್ತಿರದ್ದು. ಹಿಂದೆ ಇಲ್ಲಿ ಕುದುರೆಗಾಡಿ ಓಡಿತ್ತು ಎಂಬ ದಾಖಲೆ ತೋರಿಸಿ ಮೋಟಾರಿಗೂ ಹಕ್ಕು ಕೇಳುವ ಬಾಗಿಲನ್ನು 2006ರ ಕಾಯ್ದೆ ಬಹುಪಾಲು ಮುಚ್ಚಿತು.

ನಮ್ಮಲ್ಲಿ ಎಲ್ಲಿ ಓಡಿಸಬಾರದೆಂದು ಹೇಳುವ ಕಾನೂನು ಬೇಕಾದಷ್ಟಿದೆ, ಎಲ್ಲಿ ಓಡಿಸಬಹುದೆಂದು ಹೇಳುವ ಒಂದು ಹಾಳೆಯೂ ಇಲ್ಲ. ಸದ್ಯಕ್ಕೆ ಉಳಿದಿರುವುದು ಖಾಸಗಿ ತೋಟ. ಅದು ಪರಿಚಯ ಇದ್ದವರಿಗೆ ಸಿಗುತ್ತದೆ, ಇಲ್ಲದವನು ಗೋಮಾಳಕ್ಕೆ ಇಳಿಯುತ್ತಾನೆ. ಅದಕ್ಕೇ ಸರ್ಕಾರ ಜಿಲ್ಲೆಗೊಂದಾದರೂ ಜಾಡು ಗುರುತಿಸಿಕೊಡಬೇಕು. ಕಾಡಿಗೂ ಕೆರೆಗೂ ಮೇವಿಗೂ ಸೇರದ, ಮಣ್ಣೋ ಕಲ್ಲೋ ತೆಗೆದು ಆಗಲೇ ಬೋಳಾದ ನೆಲದಲ್ಲಿ, ಆ ಊರಿನ ಗ್ರಾಮಸಭೆ ಒಪ್ಪಿದರೆ ಮಾತ್ರ. ಶುಲ್ಕ ಪಂಚಾಯ್ತಿಗೆ ಸೇರಲಿ, ಮಳೆಗಾಲದಲ್ಲಿ ಗೇಟು ಮುಚ್ಚಲಿ. ಮಳೆಯಲ್ಲೇ ಮಜಾ ಎನ್ನುವವರು ಸಿಟ್ಟಾದಾರು, ಆಗಲಿ.

ಅಲ್ಲಿಯವರೆಗೆ ಹೋಗುವವರಿಗೆ ಒಂದೆರಡು ಮಾತು. ಕಾರು ವಿಮೆಯ ಪಾಲಿಸಿ ತೆಗೆದು ಓದಿ. ಸಂಘಟಿತ ರೇಸ್, ವೇಗ ಪರೀಕ್ಷೆಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಒಂಟಿ ಗಾಡಿಯಲ್ಲಿ ಹೋಗಬೇಡಿ. ಕಾಫಿ ಕೊಯ್ಲು ಮುಗಿದ ಮೇಲೆ ತೋಟದವರಿಗೆ ಸ್ವಲ್ಪ ಬಿಡುವಿರುತ್ತದೆ, ಆಗ ಮನೆಯ ಮುಂದೆ ಗಾಡಿ ನಿಲ್ಲಿಸಿ, ಇಳಿದು ಕೇಳಿ. ಬೇಡ ಅಂದರೆ ಕಾಫಿ ಕುಡಿದು ವಾಪಸು ಬನ್ನಿ. ಹೂಂ ಅಂದರೆ, ಒಳಗೆ ಹೋದ ಮೇಲೆ ಉಣಗೋಲನ್ನು ಮತ್ತೆ ಹಾಕಲು ಮರೆಯಬೇಡಿ. ದನ ನುಗ್ಗುತ್ತವೆ.