ಮನೆಯಡಿಯ ಹಗೇವು

ಉಸುಬಿನ ಮೇಲೆ ಮನೆ ಕಟ್ಟಿದವನ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಓದದವರಿಲ್ಲ. ಅವನನ್ನು ನಾವು ಬುದ್ಧಿಹೀನನೆಂದೆವು. ಆದರೆ 2019ರಲ್ಲಿಯೂ 2020ರಲ್ಲಿಯೂ ನರಗುಂದದ ಮನೆಗಳೊಳಗೆ ನೆಲವೇ ಕುಸಿದಾಗ ಆ ಮಾತನ್ನು ಯಾರಿಗೆ ಅನ್ವಯಿಸೋಣ? ಬರಗಾಲಕ್ಕೆಂದು ಹಿರಿಯರು ತೋಡಿದ ಜೋಳದ ಹಗೇವುಗಳು ಬರಿದಾದವು, ಅವುಗಳ ಬಾಯಿ ಮುಚ್ಚಿ ಮೇಲೆ ಮನೆಗಳೆದ್ದವು. ಅಂತರ್ಜಲವೇರಿ, ಮಳೆ ಹಿಡಿದು ಮಣ್ಣು ನೆನೆದಾಗ ಅವು ಮತ್ತೆ ಬಾಯ್ದೆರೆದವು.

ಮಳೆಯನ್ನು ದೂರುವುದು ಸುಲಭ. ಅದೇ ಮಳೆ ಗಟ್ಟಿ ನೆಲದ ಮನೆಯ ಮೇಲೂ ಸುರಿಯಿತಷ್ಟೆ! ಟೊಳ್ಳು ನೆಲದ ಮೇಲೆ ಮಲಗಿದವರು ಯಾರು, ಕುಸಿದ ಮೇಲೆ ಬಾಡಿಗೆಗೊಂದು ಕೋಣೆ ಹಿಡಿಯಲು ಕೈಯಲ್ಲಿ ಹಣವಿಲ್ಲದವರು ಯಾರು ಎಂಬುದರಿಂದ ಕೇಡನ್ನು ಅಳೆಯತಕ್ಕದ್ದೆಂದು ನಮ್ಮ ಅಭಿಪ್ರಾಯ.

ಮಲಪ್ರಭೆಯ ದಡದವರು 2009ರ ಮತ್ತು 2019ರ ನೆರೆ ಎಲ್ಲಿಯವರೆಗೆ ಏರಿತೆಂದು ಬೆರಳಿಟ್ಟು ತೋರಿಸಬಲ್ಲರು. ಹಗೇವಿನ ಗುರುತಾದರೋ ಅಜ್ಜಿಯರ ನೆನಪಿನಲ್ಲಿ ಮಾತ್ರ ಉಳಿದಿದೆ. ಮನೆಯ ಜೋಳದ ಲೆಕ್ಕ ಬಲ್ಲವರು ಅವರೇ ಅಲ್ಲವೆ? ಹಳೆಯ ವಿದ್ಯಾರ್ಥಿನಿಯರು ಮುಂದಿನ ಮಳೆಗಾಲಕ್ಕೆ ಮೊದಲು ರೋಣ, ಗಜೇಂದ್ರಗಡಗಳ ಹಳೆಯ ಓಣಿಗಳಲ್ಲಿಯೂ ಅವರನ್ನು ವಿಚಾರಿಸಿ, ಮನೆಮನೆಯ ಗುರುತನ್ನು ಬರೆದು ಪುರಸಭೆಗೆ ಒಪ್ಪಿಸಲಿ. ಪಾಲಕರು ತಮ್ಮ ಹಗೇವನ್ನು ಕಸದಿಂದಲ್ಲ, ಗರಸು ಹಾಕಿ ಬಡಿದು ತುಂಬಿಸಲಿ.